ಮನೆಯ ನಾದಶಾಲೆಯೂ ಸ್ವತಂತ್ರ ತಂತ್ರಾಂಶವೂ



ಸಂಗೀತದ ಸೇವೆಗಾಗಿ ಮೀಸಲಾದ ಈ ದತ್ತಿಯ ವೇದಿಕೆಯಿಂದ ರಾಗಲಕ್ಷಣವನ್ನೊ ವಾಗ್ಗೇಯಕಾರರ ರಚನೆಗಳನ್ನೊ ಕುರಿತು ಮಾತನಾಡುವುದು ಸಂಪ್ರದಾಯ. ಅದನ್ನು ಬಿಟ್ಟು, ಗಣಕಯಂತ್ರದ ಒಳಗೆ ಕಣ್ಣಿಗೆ ಕಾಣದಂತೆ ಕೆಲಸ ಮಾಡುತ್ತಿರುವ ಒಂದು ವ್ಯವಸ್ಥೆಯನ್ನು ವಿಷಯವಾಗಿ ಆರಿಸಿಕೊಳ್ಳಲು ನನಗೆ ಅನುಮತಿಯಿತ್ತ ವ್ಯವಸ್ಥಾಪಕರಿಗೆ ಮೊದಲು ನನ್ನ ಕೃತಜ್ಞತೆಯನ್ನು ಅರ್ಪಿಸುತ್ತೇನೆ. ಇಂದು ಊರೂರಿನಲ್ಲಿಯೂ ಸಂಗೀತದ ಮೇಷ್ಟರು ತಮ್ಮ ಪಾಠವನ್ನು ಮನೆಯಲ್ಲಿಯೆ ಮುದ್ರಿಸಿ ದೂರದೇಶದ ಶಿಷ್ಯರಿಗೆ ಕಳುಹಿಸುತ್ತಾರೆ. ಭಾವಗೀತೆಗೆ ಸ್ವರ ಹಾಕಿದ ತರುಣಿ ತನ್ನ ಮಲಗುವ ಕೋಣೆಯಲ್ಲಿಯೆ ಅದನ್ನು ಹಾಡಿ, ಅದಕ್ಕೆ ವಾದ್ಯಗಳನ್ನು ಕೂಡಿಸಿ, ಅದೇ ರಾತ್ರಿ ಲೋಕಕ್ಕೆ ಕೇಳಿಸುತ್ತಾಳೆ. ಕಂಠಕ್ಕೂ ಕಿವಿಗೂ ನಡುವೆ ಹೀಗೆ ಬಂದು ನಿಂತಿರುವ ಯಂತ್ರದ ಮೇಲೆ ಅಧಿಕಾರ ಯಾರದು ಎಂಬುದೆ ಇಂದಿನ ನನ್ನ ಪ್ರಶ್ನೆ. ತಂಬೂರಿಯ ಬಿರಡೆಯನ್ನು ತಾನೆ ತಿರುಗಿಸಿ ಶ್ರುತಿ ಮಾಡಿಕೊಳ್ಳಲಾರದ ಗಾಯಕನನ್ನು ನಮ್ಮ ಪರಂಪರೆ ಪೂರ್ಣ ಗಾಯಕನೆಂದು ಒಪ್ಪಿದ್ದಿಲ್ಲ. ಗಣಕವೂ ವಾದ್ಯವಾಗಿರುವ ಈ ಕಾಲದಲ್ಲಿ ಅದರ ಬಿರಡೆಗಳೂ ಸಂಗೀತಗಾರನ ಕೈಗೆ ಸಿಗುವಂತಿರಬೇಕೆಂಬುದೂ, ಸ್ವತಂತ್ರ ತಂತ್ರಾಂಶದಿಂದ ರಚಿತವಾದ ಆಪರೇಟಿಂಗ್ ಸಿಸ್ಟಮ್ ಮಾತ್ರ ಅವುಗಳನ್ನು ಪೂರ್ತಿಯಾಗಿ ಕೈಗೆ ಕೊಡುತ್ತದೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಮನೆಯೆ ನಾದದ ಕಾರ್ಯಶಾಲೆಯಾಗುವುದು ಕನ್ನಡನಾಡಿಗೆ ಹೊಸತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದುದು ತಮ್ಮ ಮನೆಯಲ್ಲಿ. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಎಂಜಿನಿಯರರೂ ವೇಣುವಾದಕರೂ ಆದ ಬೆಂಗಳೂರಿನ ಜಿ. ರಾಜನಾರಾಯಣ್ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ನಿರ್ಮಿಸಿದಾಗ ಅವುಗಳಿಗೆ ಸಭೆಯಲ್ಲಿಯೂ ಮನೆಯಲ್ಲಿಯೂ ಸ್ಥಾನ ದೊರೆಯಿತು. ಆದುದರಿಂದ ಯಂತ್ರವೆಂಬ ಕಾರಣಕ್ಕೆ ಯಂತ್ರವನ್ನು ಸಂಗೀತದಿಂದ ಹೊರಗಿಡಬೇಕೆಂಬ ವಾದವನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ನಾಡು ಅದನ್ನು ಆಗಲೆ ತೀರ್ಮಾನಿಸಿದೆ.

ಸ್ವತಂತ್ರ ತಂತ್ರಾಂಶವೆಂದರೇನು? 1983ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಎಂಬ ಹೆಸರಿನಿಂದ ಇಡಿಯ ವ್ಯವಸ್ಥೆಯೊಂದನ್ನು ಬರೆದು ಎಲ್ಲರಿಗೂ ಹಂಚುವುದಾಗಿ ಪ್ರಕಟಿಸಿದರು. ಯಾವ ಉದ್ದೇಶಕ್ಕಾದರೂ ತಂತ್ರಾಂಶವನ್ನು ಬಳಸುವ, ಅದರ ಮೂಲ ಬರಹವನ್ನು ಓದಿ ತಿಳಿಯುವ, ನೆರೆಯವರಿಗೆ ಪ್ರತಿಯನ್ನು ಕೊಡುವ, ತಿದ್ದಿ ಸುಧಾರಿಸಿ ಆ ಸುಧಾರಣೆಯನ್ನೂ ಹಂಚುವ ನಾಲ್ಕು ಹಕ್ಕುಗಳು ಬಳಸುವವನಿಗೆ ಇರತಕ್ಕವೆಂಬುದು ಅವರ ಸಿದ್ಧಾಂತ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಕರ್ನೆಲ್, ಅಂದರೆ ಯಂತ್ರಾಂಶದೊಡನೆ ನೇರವಾಗಿ ವ್ಯವಹರಿಸುವ ತಿರುಳು, ಮರುವರ್ಷ ಈ ನಾಲ್ಕು ಹಕ್ಕುಗಳನ್ನು ಕಾಯುವ ಜಿಪಿಎಲ್ ಎಂಬ ಪರವಾನಗಿಗೆ ಒಳಪಟ್ಟಿತು; ಗ್ನೂವಿನ ಅಂಗೋಪಾಂಗಗಳು ಅದರೊಡನೆ ಕೂಡಿದುವು. ನಾವು ಲಿನಕ್ಸ್ ಎಂದು ಕರೆಯುವ ವ್ಯವಸ್ಥೆ ಇದೇ. ಡೆಬಿಯನ್, ಫೆಡೋರಾ, ಉಬುಂಟು ಮೊದಲಾದುವು ಅದರ ಬೇರೆ ಬೇರೆ ಸಂಕಲನಗಳು. 2007ರಿಂದ ಬರುತ್ತಿರುವ ಉಬುಂಟು ಸ್ಟುಡಿಯೊ ಎಂಬುದು ಸಂಗೀತ, ಚಿತ್ರ, ಚಲಚ್ಚಿತ್ರಗಳ ಕೆಲಸಕ್ಕೆಂದೆ ಸಜ್ಜುಗೊಂಡ ಸಂಕಲನ.

ಇದಿಷ್ಟು ಚರಿತ್ರೆ ಸಾಕು. ಸಂಗೀತಗಾರನಿಗೆ ಇದರಿಂದ ಆಗುವುದೇನೆಂಬುದನ್ನು ತಿಳಿಯಬೇಕಾದರೆ, ಗಾಯಕನ ದನಿ ಯಂತ್ರವನ್ನು ಹೊಕ್ಕು ಮರಳಿ ಅವನ ಕಿವಿಗೆ ಬರುವ ಹಾದಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೈಕಿನಿಂದ ಬಂದ ದನಿಯನ್ನು ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ ಸೆಕೆಂಡಿಗೆ 48,000 ಬಾರಿ ಅಳೆದು ಸಂಖ್ಯೆಗಳನ್ನಾಗಿ ಮಾಡುತ್ತದೆ. ಆ ಸಂಖ್ಯೆಗಳನ್ನು ಗಣಕವು ಒಂದೊಂದಾಗಿ ಎತ್ತಿಕೊಳ್ಳದೆ ಗುಂಪುಗುಂಪಾಗಿ ಎತ್ತಿಕೊಳ್ಳುತ್ತದೆ. ಈ ಗುಂಪಿಗೆ ಬಫರ್ ಎಂದು ಹೆಸರು. ಗುಂಪಿನಲ್ಲಿ 1024 ಸಂಖ್ಯೆಗಳಿದ್ದರೆ ಅದು ತುಂಬುವುದಕ್ಕೆ 21 ಮಿಲಿಸೆಕೆಂಡುಗಳಿಗಿಂತ ಮಿಗಿಲಾದ ಕಾಲ ಹಿಡಿಯುತ್ತದೆ. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಎಂದರೆ 40 ಮಿಲಿಸೆಕೆಂಡುಗಳನ್ನು ದಾಟಿತು. ಗಾಳಿಯಲ್ಲಿ ಶಬ್ದವು ಅಷ್ಟು ಹೊತ್ತಿನಲ್ಲಿ ಸುಮಾರು 14 ಮೀಟರು ಸಾಗುತ್ತದೆ. ಹೆಡ್‌ಫೋನ್ ಧರಿಸಿ ಹಾಡುವವನಿಗೆ ತನ್ನ ದನಿ ಸಭಾಂಗಣದ ಹಿಂದಿನ ಗೋಡೆಯಿಂದ ಬಂದಂತೆ ಕೇಳಿಸಿದರೆ, ಎರಡನೆಯ ಕಾಲದಲ್ಲಿ ಸ್ವರಕಲ್ಪನೆ ಮಾಡುವುದು ಹೇಗೆ? ಗುಂಪನ್ನು 128ಕ್ಕೆ ಇಳಿಸಿದರೆ ಒಂದು ಗುಂಪಿಗೆ 2.7 ಮಿಲಿಸೆಕೆಂಡು ಸಾಕು. ಪೆಟ್ಟಿಗೆಯ ಒಳಗಿನ ವಿಳಂಬವನ್ನೂ ಕೂಡಿಸಿ ಒಟ್ಟು 10 ಮಿಲಿಸೆಕೆಂಡಿನ ಒಳಗೆ ಕೆಲಸ ಮುಗಿಸಬಹುದು. 10 ಮಿಲಿಸೆಕೆಂಡೆಂದರೆ ಶಬ್ದಕ್ಕೆ ಮೂರೂವರೆ ಮೀಟರು ದೂರ. ಕಛೇರಿಯ ವೇದಿಕೆಯಲ್ಲಿ ಗಾಯಕನಿಗೂ ಪಕ್ಕವಾದ್ಯದವರಿಗೂ ಇರುವ ಅಂತರಕ್ಕಿಂತ ಅದು ಬಹಳ ಹೆಚ್ಚಿನದಲ್ಲ. ಅಷ್ಟು ವಿಳಂಬವನ್ನು ನಮ್ಮ ಕಿವಿ ಹುಟ್ಟಿನಿಂದ ಬಲ್ಲುದು.

ಆದರೆ ಗುಂಪು ಚಿಕ್ಕದಾದಷ್ಟೂ ಆಪರೇಟಿಂಗ್ ಸಿಸ್ಟಮ್‌ನ ಹೊಣೆ ಹಿರಿದಾಗುತ್ತದೆ. 2.7 ಮಿಲಿಸೆಕೆಂಡಿಗೊಮ್ಮೆ, ತಪ್ಪದೆ, ಗಂಟೆಗಟ್ಟಲೆ ಅದು ಧ್ವನಿಯ ಕೆಲಸಕ್ಕೆ ಸರದಿ ಕೊಡಬೇಕು. ಆ ಕ್ಷಣದಲ್ಲಿ ಅದು ಅಪ್‌ಡೇಟನ್ನು ಇಳಿಸಿಕೊಳ್ಳುವುದರಲ್ಲಿಯೊ ಯಜಮಾನ ಸಂಸ್ಥೆಗೆ ವರದಿ ಒಪ್ಪಿಸುವುದರಲ್ಲಿಯೊ ತೊಡಗಿದ್ದು ಸರದಿ ತಪ್ಪಿದರೆ, ಮುದ್ರಣದಲ್ಲಿ ‘ಚಟ್’ ಎಂಬ ಸದ್ದೊಂದು ಉಳಿದುಬಿಡುತ್ತದೆ. ಈ ಕೆಲಸದಲ್ಲಿ ನುರಿತವರು ಇದನ್ನು ಎಕ್ಸ್‌ರನ್ ಎನ್ನುತ್ತಾರೆ. ಕಾಂಬೋಧಿಯ ಆಲಾಪನೆ ತಾರಸ್ಥಾಯಿಯನ್ನು ಮುಟ್ಟಿದ ಕಡೆ ಅಂಥದೊಂದು ಸದ್ದು ಬಿದ್ದರೆ, ಆ ಆಲಾಪನೆಯನ್ನು ಅದೇ ಮನಃಸ್ಥಿತಿಯಲ್ಲಿ ಪುನಃ ಪಡೆಯುವುದು ಯಾವ ವಿದ್ವಾಂಸನಿಗೂ ಸಾಧ್ಯವಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಈ ಸರದಿಯನ್ನು ಹಂಚುವ ಪದ್ಧತಿಯನ್ನು ಬೇರೆ ಯಾರೊ ನಿರ್ಣಯಿಸಿರುತ್ತಾರೆ; ನಾವು ಅದರ ಹೊರಗೆ ನಿಂತು ಕೆಲವು ಗುಂಡಿಗಳನ್ನು ಒತ್ತಬಹುದಷ್ಟೆ. ಲಿನಕ್ಸ್‌ನಲ್ಲಿಯಾದರೊ, ಬಳಸುವವನನ್ನು ‘ಆಡಿಯೊ’ ಎಂಬ ಗುಂಪಿಗೆ ಸೇರಿಸಿ, ಆ ಗುಂಪಿನ ಕೆಲಸಕ್ಕೆ ಮೊದಲ ಸರದಿಯೆಂದೂ, ಅದು ಹಿಡಿದ ಸ್ಮೃತಿಯನ್ನು ಬೇರೆಯವರಿಗೆ ಬಿಡಿಸಿ ಕೊಡಬಾರದೆಂದೂ ಒಂದು ಪಠ್ಯಕಡತದಲ್ಲಿ ಎರಡು ಸಾಲು ಬರೆದಿಟ್ಟರೆ ಸಾಕು. ಉಬುಂಟು ಸ್ಟುಡಿಯೊದಂಥ ಸಂಕಲನಗಳು ಆ ಎರಡು ಸಾಲನ್ನೂ ತಾವೆ ಬರೆದುಕೊಡುತ್ತವೆ. ಆದರೂ ಬೇಕಾದವನು ಅದನ್ನು ತೆರೆದು ಓದಬಹುದು, ತಿದ್ದಬಹುದು.

ಈ ಸೌಲಭ್ಯ ಒಂದು ದಿನದಲ್ಲಿ ಒದಗಿದುದಲ್ಲವೆಂಬುದನ್ನು ತರುಣರು ತಿಳಿದಿರಬೇಕು. ಧ್ವನಿಯಂತ್ರಗಳನ್ನು ಕರ್ನೆಲ್ಲಿಗೆ ಪರಿಚಯಿಸುವ ಆಲ್ಸಾ ಎಂಬ ಭಾಗವನ್ನು 1998ರಲ್ಲಿ ಯಾರೊಸ್ಲಾವ್ ಕಿಸೆಲಾ ಆರಂಭಿಸಿದರು. ಅಮೆಜಾನ್ ಸಂಸ್ಥೆಯ ಮೊತ್ತಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬರಾಗಿದ್ದು ಅದನ್ನು ಬಿಟ್ಟುಬಂದ ಪಾಲ್ ಡೇವಿಸ್ ಅವರು ಆರ್ಡೋರ್ ಎಂಬ ಬಹುಪಥ ಧ್ವನಿಮುದ್ರಣ ತಂತ್ರಾಂಶವನ್ನು ಕೈಗೊಂಡು, ಅದರ ಒಡಲಿನಿಂದಲೆ ಜ್ಯಾಕ್ ಎಂಬ ಮತ್ತೊಂದನ್ನು ಬೆಳೆಸಿದರು. ಒಂದು ತಂತ್ರಾಂಶದಿಂದ ಹೊರಟ ಧ್ವನಿಯನ್ನು ಇನ್ನೊಂದಕ್ಕೆ ತಂತಿಯಿಂದ ಜೋಡಿಸಿದಂತೆ ಒಯ್ಯುವುದು ಜ್ಯಾಕಿನ ಕೆಲಸ. ಕರ್ನೆಲ್ಲಿನ ಉದ್ದಗಲಕ್ಕೂ ಕಾಲನಿಷ್ಠೆಯನ್ನು ತರಬೇಕೆಂದು ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಹಿಡಿದ ಕೆಲಸವಂತೂ ಸುಮಾರು ಇಪ್ಪತ್ತು ವರ್ಷಗಳ ಕಾಲ ಮುಖ್ಯ ಕರ್ನೆಲ್ಲಿನ ಹೊರಗೆ ಬೇರೆಯ ತೇಪೆಯಾಗಿ ನಡೆದು, 2024ರ ನವೆಂಬರಿನಲ್ಲಿ ಬಂದ 6.12ನೆಯ ಆವೃತ್ತಿಯಲ್ಲಿ ಮೂಲದೊಳಗೆ ಸೇರಿತು. ಹಿಂದೆ ಜ್ಯಾಕನ್ನು ಹೂಡಿದರೆ ಇತರ ಸಾಮಾನ್ಯ ಶಬ್ದಗಳು ನಿಂತುಹೋಗುವ ತೊಡಕಿತ್ತು. ವಿಮ್ ಟೈಮನ್ಸ್ ಅವರು ರಚಿಸಿದ, 2023ರಲ್ಲಿ 1.0 ಎಂಬ ಸಂಖ್ಯೆಯನ್ನು ತಲುಪಿದ ಪೈಪ್‌ವೈರ್ ಎರಡು ಬಗೆಯ ಬಳಕೆಯನ್ನೂ ಒಂದೆ ಸೂರಿನಡಿಗೆ ತಂದಿತು. ಹತ್ತು ವರ್ಷಗಳ ಹಿಂದೆ ಲಿನಕ್ಸನ್ನು ಪರೀಕ್ಷಿಸಿ, ಶಬ್ದವೆ ಬಾರದೆ ಬೇಸತ್ತು ಕೈಬಿಟ್ಟವರು ಇಂದು ಇನ್ನೊಮ್ಮೆ ನೋಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುವುದು ಈ ಕಾರಣದಿಂದ.

ನನ್ನ ಹೃದಯಕ್ಕೆ ಹೆಚ್ಚು ಹತ್ತಿರವಾದ ಸಂಗತಿಗೆ ಈಗ ಬರುತ್ತೇನೆ, ಅದು ಶ್ರುತಿ. 1940ರಲ್ಲಿ ಅಖಿಲ ಭಾರತ ಬಾನುಲಿಯು ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. 1971ರವರೆಗೂ ಆ ನಿಷೇಧ ಸಡಿಲವಾಗಲಿಲ್ಲ. ಮೀಂಡು ಗಮಕಗಳು ಅದರಲ್ಲಿ ನುಡಿಯವೆಂಬುದು ಒಂದು ಆಕ್ಷೇಪ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಅದರ ಸ್ವರಗಳು ನಮ್ಮ ಸ್ವರಸ್ಥಾನಗಳಲ್ಲವೆಂಬುದು ಇನ್ನೊಂದು. ಆ ನಿಷೇಧ ಅತಿಯಾಯಿತೆಂದೆ ನಾನು ಭಾವಿಸುತ್ತೇನೆ. ಆದರೆ ಎರಡನೆಯ ಆಕ್ಷೇಪದಲ್ಲಿ ಸತ್ಯವಿದೆ. ಸ್ಥಾಯಿಯನ್ನು 1200 ಸೆಂಟುಗಳೆಂದು ಎಣಿಸಿದರೆ, ಸಮಪಾಲಿನ ಕೀಬೋರ್ಡಿನಲ್ಲಿ ಅಂತರಗಾಂಧಾರ 400ನೆಯ ಸೆಂಟಿನಲ್ಲಿ ನಿಲ್ಲುತ್ತದೆ. ಷಡ್ಜಕ್ಕೆ 5/4ರ ಪ್ರಮಾಣದಲ್ಲಿರುವ ಶುದ್ಧವಾದ ಅಂತರಗಾಂಧಾರದ ಸ್ಥಾನ 386. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರಷಡ್ಜದ ತಂತಿಯನ್ನು ಮೀಟಿದಾಗ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಹೊಮ್ಮುವುದನ್ನು ಈ ಸಭೆಯಲ್ಲಿ ಕೇಳದವರಿಲ್ಲ. ಅದು ಆ ತಂತಿಯ ಐದನೆಯ ಅನುರಣನ, ಆದುದರಿಂದ ಅದು 386ರ ಗಾಂಧಾರ. ಅದರ ಮೇಲೆ 400ರ ಗಾಂಧಾರವನ್ನು ಕೀಬೋರ್ಡಿನಿಂದ ನುಡಿಸಿದರೆ ಎರಡೂ ಒಂದನ್ನೊಂದು ತಳ್ಳಿ ನಾದ ಅದಿರುತ್ತದೆ. ಮನೆಯಲ್ಲಿ ಕೀಬೋರ್ಡನ್ನು ಇಟ್ಟುಕೊಂಡು ಮಕ್ಕಳಿಗೆ ಸರಳೆ ಹೇಳಿಕೊಡುವ ಎಷ್ಟೋ ಕಡೆ ಮಗುವಿನ ಕಿವಿ ಈ ಅದಿರುವಿಕೆಗೆ ಒಗ್ಗಿಹೋಗುತ್ತಿರುವುದು ನನಗೆ ನಿಜವಾದ ಆತಂಕವನ್ನುಂಟುಮಾಡುತ್ತದೆ.

ಇದಕ್ಕೆ ಪರಿಹಾರವಿದೆ. ಜಿನ್‌ಆ್ಯಡ್‌ಸಬ್‌ಎಫ್‌ಎಕ್ಸ್, ಸರ್ಜ್ ಎಕ್ಸ್‌ಟಿ ಎಂಬ ಎರಡು ಸ್ವತಂತ್ರ ನಾದಜನಕಗಳು, ಅಂದರೆ ಸಿಂಥಸೈಜರುಗಳು, ಸ್ಕಾಲಾ ಎಂಬ ಕಡತದಿಂದ ಸ್ವರಸ್ಥಾನಗಳನ್ನು ಓದಿಕೊಳ್ಳುತ್ತವೆ. ಈ ಕಡತವನ್ನು ರಚಿಸುವುದಕ್ಕೆ ಪಠ್ಯವನ್ನು ಬರೆಯುವ ಯಾವ ಸಾಧನವಾದರೂ ಸಾಕು. ಮೊದಲ ಸಾಲಿನಲ್ಲಿ ಮಾಯಾಮಾಳವಗೌಳ ಎಂದು ಬರೆಯಿರಿ. ಎರಡನೆಯ ಸಾಲಿನಲ್ಲಿ ಸ್ವರಗಳ ಸಂಖ್ಯೆ, 7. ಬಳಿಕ ಸಾಲಿಗೊಂದರಂತೆ 16/15, 5/4, 4/3, 3/2, 8/5, 15/8, ಕೊನೆಗೆ ತಾರಷಡ್ಜಕ್ಕೆ 2/1. ಆಧಾರಷಡ್ಜವನ್ನು ಬರೆಯಬೇಕಾಗಿಲ್ಲ, ಅದು ಇದ್ದೇ ಇದೆ. ಯಾವ ಸ್ವರ ಯಾವ ಮನೆಯಲ್ಲಿ ಕೂರಬೇಕೆಂಬುದನ್ನು ಇನ್ನೊಂದು ಪುಟ್ಟ ಕಡತ ಹೇಳುತ್ತದೆ. ಇಷ್ಟನ್ನು ತೆರೆದು ನುಡಿಸಿದರೆ ತಂಬೂರಿಯ ಗಾಂಧಾರವೂ ಕೀಬೋರ್ಡಿನ ಗಾಂಧಾರವೂ ಒಂದಾಗಿ ಕರಗುತ್ತವೆ. ಋಷಭದ ವಿಷಯದಲ್ಲಿ ನಿಮ್ಮ ಗುರುಪರಂಪರೆಯ ಅಭಿಪ್ರಾಯ ಬೇರೆಯಿದ್ದರೆ ಆ ಒಂದು ಸಾಲನ್ನು ತಿದ್ದಿ. ಯಾರ ಅಪ್ಪಣೆಯೂ ಬೇಡ. ಹಣಕ್ಕೆ ಮಾರುವ ಕೆಲವು ತಂತ್ರಾಂಶಗಳೂ ಈ ಸೌಲಭ್ಯವನ್ನು ಕೊಡುತ್ತವೆಂಬುದನ್ನು ಮರೆಮಾಚುವುದು ಸರಿಯಲ್ಲ. ಅಲ್ಲಿ ಅದು ಕೊಡುವವರ ಇಚ್ಛೆ. ಇಲ್ಲಿ ಅದು ನಮ್ಮ ಹಕ್ಕು. ರಾಗವೆಂಬುದು ಸ್ವರಸ್ಥಾನಗಳ ಪಟ್ಟಿಯಲ್ಲವೆಂಬುದನ್ನೂ, ತೋಡಿಯ ಗಾಂಧಾರವನ್ನು ಯಾವ ಭಿನ್ನರಾಶಿಯೂ ಹಿಡಿಯಲಾರದೆಂಬುದನ್ನೂ ವಿದ್ವಾಂಸರಿಗೆ ನಾನು ಹೇಳಬೇಕಾಗಿಲ್ಲ. ಯಂತ್ರದಿಂದ ನಾನು ಬಯಸುವುದು ಇಷ್ಟೆ: ಅದು ಕಿವಿಯನ್ನು ಕೆಡಿಸದಿರಲಿ.

ಇನ್ನು ರಕ್ಷಣೆಯ ವಿಚಾರ. ತಂತ್ರಾಂಶವನ್ನು ತಿಂಗಳ ಬಾಡಿಗೆಗೆ ಕೊಡುವ ಪದ್ಧತಿ ಇಂದು ಬಲಿತಿದೆ. ಬಾಡಿಗೆ ನಿಂತ ಮರುದಿನ ಸಂಗೀತಗಾರನು ತನ್ನ ಹಾಡಿನ ಬಿಡಿ ಬಿಡಿ ಭಾಗಗಳನ್ನು, ಎಂದರೆ ಕಂಠವನ್ನು ಬೇರೆಯಾಗಿ, ಪಿಟೀಲನ್ನು ಬೇರೆಯಾಗಿ, ಮತ್ತೆ ತೆರೆದು ಹದ ಮಾಡಲಾರದೆ ಹೋಗುವುದನ್ನು ನಾನು ಬಲ್ಲ ಮನೆಗಳಲ್ಲಿಯೆ ಕಂಡಿದ್ದೇನೆ. ಹಾಡಿದವರು ತೀರಿಕೊಂಡ ಮೇಲೆ ಆ ನಷ್ಟವನ್ನು ತುಂಬುವ ದಾರಿಯಿಲ್ಲ. ಆರ್ಡೋರಿನಲ್ಲಿ ಮಾಡಿದ ಮುದ್ರಣದ ಕಡತಕೋಶವನ್ನು ತೆರೆದು ನೋಡಿ: ಮುದ್ರಣದ ವಿನ್ಯಾಸವೆಲ್ಲ ಎಕ್ಸ್‌ಎಂಎಲ್ ಎಂಬ ಓದಬಲ್ಲ ಪಠ್ಯವಾಗಿ ಒಂದು ಕಡತದಲ್ಲಿದೆ, ‘ಇಂಟರ್‌ಚೇಂಜ್’ ಎಂಬ ಒಳಕೋಶದಲ್ಲಿ ಒಂದೊಂದು ಪಥದ ಧ್ವನಿಯೂ ವೇವ್ ಎಂಬ ರೂಪದಲ್ಲಿ ಹಾಗೆಯೆ ಇದೆ. ನಾಳೆ ಆರ್ಡೋರೆ ಇಲ್ಲವಾದರೂ ಮೊಮ್ಮಗಳು ಅಜ್ಜಿಯ ಕಂಠವನ್ನು ಬೇರೆ ಯಾವ ಸಾಧನದಿಂದಾದರೂ ಕೇಳಬಲ್ಲಳು. ವೇವ್ ರೂಪವನ್ನು 1991ರಲ್ಲಿ ಮೈಕ್ರೊಸಾಫ್ಟ್, ಐಬಿಎಂ ಸಂಸ್ಥೆಗಳೆ ರೂಪಿಸಿ ಪ್ರಕಟಿಸಿದುವೆಂಬುದನ್ನು ನ್ಯಾಯವಾಗಿ ಸ್ಮರಿಸಬೇಕು. ಬಹಿರಂಗವಾಗಿ ಬರೆದಿಟ್ಟುದು ಯಾರು ಬರೆದರೂ ಬಾಳುತ್ತದೆ. ಜಾಗ ಉಳಿಸಬೇಕೆನ್ನುವವರಿಗೆ ಫ್ಲ್ಯಾಕ್ ಎಂಬ ಸ್ವತಂತ್ರ ರೂಪವಿದೆ. ಧ್ವನಿಯ ಒಂದು ಕಣವನ್ನೂ ಕಳೆಯದೆ ಅದು ಕಡತವನ್ನು ಕುಗ್ಗಿಸುತ್ತದೆ.

ತೊಡಕುಗಳಿವೆ, ಅವುಗಳನ್ನು ಹೇಳದೆ ಯಾರನ್ನೂ ಈ ದಾರಿಗೆ ಕರೆಯಬಾರದು. ಹೆಸರಾಂತ ಹಲವು ಪ್ಲಗಿನ್‌ಗಳು, ಅಂದರೆ ಮುದ್ರಣ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವ ಉಪತಂತ್ರಾಂಶಗಳು, ಲಿನಕ್ಸಿಗೆಂದು ಬರುವುದಿಲ್ಲ. ವೈನ್ ಎಂಬ ಮಧ್ಯವರ್ತಿಯ ಮೂಲಕ ಕೆಲವು ನಡೆಯುತ್ತವೆ, ಬೀಗಮುದ್ರೆಯ ಪರವಾನಗಿಯುಳ್ಳ ಕೆಲವು ನಡೆಯುವುದಿಲ್ಲ. ಯುಎಸ್‌ಬಿ ಕ್ಲಾಸ್ ಕಂಪ್ಲಯಂಟ್ ಎಂದು ಬರೆದಿರುವ ಇಂಟರ್‌ಫೇಸುಗಳು ಚುಚ್ಚಿದೊಡನೆ ಕೆಲಸ ಮಾಡುತ್ತವೆ. ತಮ್ಮದೆ ಡ್ರೈವರನ್ನು, ಅಂದರೆ ಚಾಲಕ ತಂತ್ರಾಂಶವನ್ನು, ಬೇಡುವ ಪೆಟ್ಟಿಗೆಗಳನ್ನು ಕೊಳ್ಳುವ ಮುನ್ನ ವಿಚಾರಿಸಲೇಬೇಕು. ಚಲಚ್ಚಿತ್ರ ಸಂಗೀತದ ಸ್ಟುಡಿಯೊಗಳೊಡನೆ ದಿನವೂ ಕಡತಗಳನ್ನು ಹಂಚಿಕೊಳ್ಳುವವರು ಅವರ ವ್ಯವಸ್ಥೆಯನ್ನು ಪೂರ್ತಿ ಬಿಡುವುದು ಸದ್ಯಕ್ಕೆ ಕಷ್ಟ. ಅವರಿಗೆ ನಾನು ಬಲವಂತ ಮಾಡುವುದಿಲ್ಲ. ಹಣದ ವಿಚಾರದಲ್ಲಿಯೂ ಒಂದು ಮಾತು. ಆರ್ಡೋರಿನ ಮೂಲ ಬರಹ ಎಲ್ಲರಿಗೂ ತೆರೆದಿದೆ, ಸಂಕಲನಗಳು ಅದನ್ನು ಹಣವಿಲ್ಲದೆ ಒದಗಿಸುತ್ತವೆ; ಆದರೆ ಕರ್ತೃಗಳು ತಾವು ಸಿದ್ಧಪಡಿಸಿದ ಪ್ರತಿಗೆ ಕಾಣಿಕೆಯನ್ನು ಕೇಳುತ್ತಾರೆ. ಅದನ್ನು ಕೊಡುವುದು ಧರ್ಮ. ಗುರುವಿಗೆ ದಕ್ಷಿಣೆಯಿಡುವ ಸಮಾಜ ಇದನ್ನು ಚರ್ಚಿಸಬೇಕಾಗಿಲ್ಲ.

ಆರಂಭಿಸುವವರಿಗೆ ಕಾಲವೂ ಅನುಕೂಲವಾಗಿದೆ. ವಿಂಡೋಸ್ 10ಕ್ಕೆ ಅದರ ಒಡೆಯರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮುಂದಿನ ಆವೃತ್ತಿ ಕೇಳುವ ಅರ್ಹತೆಯಿಲ್ಲವೆಂಬ ಒಂದೇ ಕಾರಣದಿಂದ ಮೂಲೆಗೆ ಸೇರಿದ ಗಟ್ಟಿಮುಟ್ಟಾದ ಗಣಕಗಳು ಎಷ್ಟೋ ಮನೆಗಳಲ್ಲಿವೆ. ಒಂದು ಪೆನ್‌ಡ್ರೈವಿಗೆ ಉಬುಂಟು ಸ್ಟುಡಿಯೊವನ್ನು ಇಳಿಸಿಕೊಂಡು, ಹಳೆಯದಾವುದನ್ನೂ ಅಳಿಸದೆ ಅದರಿಂದಲೆ ಗಣಕವನ್ನು ಎಬ್ಬಿಸಿ, ಮೈಕು ಮಾತನಾಡುತ್ತದೆಯೆ, ಹೆಡ್‌ಫೋನು ಕೇಳಿಸುತ್ತದೆಯೆ ಎಂದು ಮೊದಲು ಪರೀಕ್ಷಿಸಿ. ತೃಪ್ತಿಯಾದ ಮೇಲೆ ಸ್ಥಾಪಿಸಿ. ಹಳೆಯ ವ್ಯವಸ್ಥೆಯಲ್ಲಿ ಅರ್ಧವಾಗಿರುವ ಹಾಡನ್ನು ಅಲ್ಲಿಯೆ ಮುಗಿಸಿ, ಹೊಸ ಹಾಡನ್ನು ಇಲ್ಲಿ ಆರಂಭಿಸಿ. ಮೊದಲ ತಿಂಗಳು ಕೈ ತಡವರಿಸುವುದು ಸಹಜ.

ಕೊನೆಯದಾಗಿ ಮೃದಂಗ ವಿದ್ವಾಂಸರಲ್ಲಿಯೂ ಸಂಗೀತ ಶಾಲೆಗಳಲ್ಲಿಯೂ ನನ್ನದೊಂದು ಪ್ರಾರ್ಥನೆ. ಹೈಡ್ರೊಜನ್ ಎಂಬ ಸ್ವತಂತ್ರ ತಾಳವಾದ್ಯ ತಂತ್ರಾಂಶಕ್ಕೆ ಯಾರು ಬೇಕಾದರೂ ತಮ್ಮ ವಾದ್ಯದ ನುಡಿಗಳನ್ನು ಸಂಗ್ರಹವಾಗಿ ಸೇರಿಸಬಹುದು. ಒಂದೊಂದು ನುಡಿಗೂ ಮೆಲ್ಲಗಿನ ಪೆಟ್ಟು, ನಡುವಣ ಪೆಟ್ಟು, ಬಲವಾದ ಪೆಟ್ಟು ಎಂದು ಪದರ ಪದರವಾಗಿ ಧ್ವನಿಯನ್ನು ಇಡುವ ಅವಕಾಶ ಅದರಲ್ಲಿದೆ. ತ, ಧಿ, ತೊಂ, ನಂ ಎಂಬ ನಾಲ್ಕು ಮೂಲ ನುಡಿಗಳನ್ನು ನಿಶ್ಶಬ್ದವಾದ ಕೋಣೆಯಲ್ಲಿ, ಎಡಬಲಗಳ ಶ್ರುತಿಯನ್ನು ಸರಿಯಾಗಿ ನೋಡಿ, ನುರಿತ ಕೈಯೊಂದು ಒಂದು ಮಧ್ಯಾಹ್ನ ಕುಳಿತು ನುಡಿಸಿಕೊಟ್ಟರೆ, ಅದನ್ನು ಯಾರು ಬೇಕಾದರೂ ಬಳಸಿ ಹಂಚಬಹುದೆಂಬ ಪರವಾನಗಿಯೊಡನೆ ಪ್ರಕಟಿಸಿದರೆ, ಮೃದಂಗದವರಿಲ್ಲದ ಊರಿನ ಮಗುವೂ ಆದಿತಾಳಕ್ಕೆ ಹಾಡಿಕೊಂಡು ಅಭ್ಯಾಸ ಮಾಡಬಲ್ಲುದು. ಇದಕ್ಕೆ ಬೇಕಾಗಿರುವುದು ಒಂದು ಒಳ್ಳೆಯ ಮೈಕು, ಒಬ್ಬ ವಿದ್ವಾಂಸರು, ಒಂದು ಹಳೆಯ ಗಣಕ. ಈ ವರ್ಷವೆ ಯಾವುದಾದರೊಂದು ಶಾಲೆ ಇದನ್ನು ಕೈಗೊಳ್ಳಲೆಂದು ಬೇಡಿಕೊಳ್ಳುತ್ತೇನೆ.